6,55,360 ಬೈಟ್‌ಗಳ ಆಯವ್ಯಯ

ಎಂಎಸ್-ಡಾಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಸಾಮಾನ್ಯ ಪ್ರೋಗ್ರಾಂಗಳ ಪಾಲಿಗೆ ಇರುವ ಮೆಮೊರಿ 640 ಕೆಬಿ, ಅಂದರೆ 6,55,360 ಬೈಟ್. 4 ಎಂಬಿ ಮೆಮೊರಿಯ ಯಂತ್ರದಲ್ಲಿ ಇದು ಒಟ್ಟು ಮೆಮೊರಿಯ ಶೇ 15.6, 8 ಎಂಬಿಗೆ ಏರಿಸಿದರೆ ಶೇ 7.8. ಹೊಸ ಚಿಪ್ ಕೊಂಡು ಹಾಕಿದರೂ ಈ 640 ಕೆಬಿಗೆ ಒಂದು ಬೈಟೂ ಸೇರುವುದಿಲ್ಲ. ಅದನ್ನು ಉಳಿಸುವುದೂ ಕಳೆಯುವುದೂ ಬಹುಪಾಲು ಕಾನ್ಫಿಗ್.ಸಿಸ್ ಎಂಬ ಪುಟ್ಟ ಪಠ್ಯ ಫೈಲಿನ ಕೈಯಲ್ಲಿತ್ತು. ಯಂತ್ರ ಚಾಲೂ ಆಗುವಾಗ ಡಾಸ್ ಇದನ್ನು ಓದಿ, ಯಾವುದಕ್ಕೆ ಎಷ್ಟು ಜಾಗ ಎಂದು ತೀರ್ಮಾನಿಸುತ್ತದೆ.

ಮಿತಿಯ ಮೂಲ ಇಂಟೆಲ್ 8088 ಪ್ರೊಸೆಸರ್. ಅದರ 20 ವಿಳಾಸ ತಂತಿಗಳಿಂದ ಗುರುತಿಸಬಹುದಾದದ್ದು 10,48,576 ಬೈಟ್, ಅಂದರೆ 1,024 ಕೆಬಿ. 1981ರ ಐಬಿಎಂ ಪಿಸಿಯ ವಿನ್ಯಾಸದಲ್ಲಿ ಇದರ ಶೇ 62.5 ಪ್ರೋಗ್ರಾಂಗಳಿಗೆ ಹೋಯಿತು. ಉಳಿದ 384 ಕೆಬಿ ಪರದೆ, ಬಯೋಸ್ ಮತ್ತು ಕಾರ್ಡ್‌ಗಳಿಗೆ ಮೀಸಲಾಯಿತು.

ಫೈಲಿನ ಸಾಲುಗಳಿಗೆ ದರ ಕಟ್ಟಿ ನೋಡಬಹುದು. ‘ಫೈಲ್ಸ್’ ಸಾಲು ಏಕಕಾಲಕ್ಕೆ ಎಷ್ಟು ಫೈಲ್ ತೆರೆದಿರಬಹುದು ಎಂಬುದನ್ನು ಹೇಳುತ್ತದೆ. ಬರೆಯದಿದ್ದರೆ 8. ಡಾಸ್ 4ರಿಂದ ಈಚೆಗೆ ಪ್ರತಿ ನಮೂದಿಗೆ 59 ಬೈಟ್ ಬೇಕು. 8ರಿಂದ 30ಕ್ಕೆ ಏರಿಸಿದರೆ ಹೆಚ್ಚುವರಿ ವೆಚ್ಚ 1,298 ಬೈಟ್, 640 ಕೆಬಿಯ ಶೇ 0.2. ಡೇಟಾಬೇಸ್ ಪ್ರೋಗ್ರಾಂ ನಡುವೆ ನಿಂತುಹೋಗುವುದಕ್ಕೆ ಹೋಲಿಸಿದರೆ ಇದು ಕೊಡಬೇಕಾದ ಬೆಲೆಯೇ.

‘ಲಾಸ್ಟ್‌ಡ್ರೈವ್’ ಸಾಲು ಕೊನೆಯ ಡ್ರೈವ್ ಅಕ್ಷರವನ್ನು ನಿಗದಿಪಡಿಸುತ್ತದೆ. ಪ್ರತಿ ಅಕ್ಷರಕ್ಕೆ 88 ಬೈಟ್. ‘ಇ’ವರೆಗೆ 440, ‘ಝಡ್’ವರೆಗೆ 2,288. ನೆಟ್‌ವರ್ಕ್ ಇಲ್ಲದ, ಎರಡು ಡ್ರೈವ್‌ಗಳ ಯಂತ್ರದಲ್ಲಿ ‘ಝಡ್’ ಬರೆದರೆ 1,848 ಬೈಟ್ ಸುಮ್ಮನೆ ಹೋದಂತೆ.

ನಿಜವಾಗಿ ಕೈಕಚ್ಚುವುದು ‘ಬಫರ್ಸ್’. ಡಿಸ್ಕ್‌ನಿಂದ ಓದಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗವೇ ಬಫರ್. ಒಂದಕ್ಕೆ ಸುಮಾರು 532 ಬೈಟ್. 15ಕ್ಕೆ ಸುಮಾರು 7,980. ಡಾಸ್ 5ರಲ್ಲಿ ಮತ್ತು ಅದರ ನಂತರ, ಡಾಸ್ ಅನ್ನು ಮೇಲಿನ ಮೆಮೊರಿಗೆ ಸಾಗಿಸಿದರೆ ಬಫರ್‌ಗಳೂ ಅದರೊಡನೆ ಮೇಲೇರುತ್ತವೆ, ಆದರೆ ಸುಮಾರು 48ರವರೆಗೆ ಮಾತ್ರ. ಅಲ್ಲಿ ಹಿಡಿಸದಿದ್ದರೆ ಹೆಚ್ಚಾದ ಒಂದಷ್ಟೇ ಅಲ್ಲ, ಎಲ್ಲವೂ ಕೆಳಗೆ ಉಳಿಯುತ್ತವೆ. 49 ಬಫರ್‌ಗಳಿಗೆ 26,068 ಬೈಟ್, ಅಂದರೆ 640 ಕೆಬಿಯ ಶೇ 4. ವೇಗ ಹೆಚ್ಚಲಿ ಎಂದು ಸಂಖ್ಯೆ ಏರಿಸಿದವರು ಈ ಹಾದಿಯಲ್ಲೇ ಮೆಮೊರಿ ಕಳೆದುಕೊಂಡರು. ಸ್ಮಾರ್ಟ್‌ಡ್ರೈವ್‌ನಂಥ ಡಿಸ್ಕ್ ಕ್ಯಾಶ್ ಇದ್ದಲ್ಲಿ ಬಫರ್ ಸಂಖ್ಯೆಯನ್ನು ಇಳಿಸಬೇಕೇ ಹೊರತು ಏರಿಸಬಾರದು.

ಆ ‘ಮೇಲಿನ ಮೆಮೊರಿ’ಯ ಅಳತೆ 65,520 ಬೈಟ್. 1 ಎಂಬಿ ಗಡಿಯ ಆಚೆಗಿನ ಮೊದಲ 64 ಕೆಬಿಯಲ್ಲಿ 16 ಬೈಟ್ ಕಡಿಮೆ. 80286 ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ ಮಾತ್ರ ಅದು ಲಭ್ಯ. 1991ರ ಜೂನ್‌ನಲ್ಲಿ ಬಂದ ಎಂಎಸ್-ಡಾಸ್ 5ರಲ್ಲಿ ಎರಡು ಸಾಲು ಸಾಕಾಯಿತು: ಹೈಮೆಮ್.ಸಿಸ್ ಚಾಲಕವನ್ನು ಕರೆಯುವುದು ಒಂದು, ‘ಡಾಸ್=ಹೈ’ ಇನ್ನೊಂದು. ಡಾಸ್‌ನ ಬಹುಭಾಗ ಅಲ್ಲಿಗೆ ಹೋಗಿ, ಕೆಳಗೆ ಸುಮಾರು 45 ಕೆಬಿ ತೆರವಾಗುತ್ತಿತ್ತು. ಇದು 640 ಕೆಬಿಯ ಶೇ 7. ಇಡೀ ಫೈಲಿನಲ್ಲಿ ಇದಕ್ಕಿಂತ ಅಗ್ಗದ ಲಾಭ ಬೇರೆ ಇಲ್ಲ.

ಮೀಸಲಾದ 384 ಕೆಬಿಯಲ್ಲೂ ಖಾಲಿ ಜಾಗವಿದೆ. ಪರದೆಗೆ 128, ವಿಜಿಎ ಬಯೋಸ್‌ಗೆ 32, ಮುಖ್ಯ ಬಯೋಸ್‌ಗೆ 64 ಕಳೆದರೆ ಗರಿಷ್ಠ 160 ಕೆಬಿ ಉಳಿಯುತ್ತದೆ. 80386 ಯಂತ್ರದಲ್ಲಿ ಇಎಂಎಂ386 ಚಾಲಕ ಅಲ್ಲಿ ಮೆಮೊರಿ ಒದಗಿಸುತ್ತದೆ; ಮೌಸ್, ಸಿಡಿ ಚಾಲಕಗಳನ್ನು ಅಲ್ಲಿಗೆ ಕಳಿಸಬಹುದು. ಇಲ್ಲಿ ಒಂದೇ ಪದದ ಬೆಲೆ 64 ಕೆಬಿ. ‘ನೋಇಎಂಎಸ್’ ಎಂದು ಬರೆದರೆ 160 ಪೂರ್ತಿ ಸಿಗುತ್ತದೆ. ‘ರ‍್ಯಾಮ್’ ಎಂದು ಬರೆದರೆ ಹಳೆಯ ಬಗೆಯ ವಿಸ್ತರಿತ ಮೆಮೊರಿಗೆ 64 ಕೆಬಿಯ ಕಿಟಕಿ ತೆರೆಯಬೇಕಾಗಿ 96ಕ್ಕೆ ಇಳಿಯುತ್ತದೆ, ಶೇ 40 ಕಡಿತ. ಬಯೋಸ್ ಹೆಚ್ಚುವರಿಯಾಗಿ 64 ಕೆಬಿ ಹಿಡಿದ ಯಂತ್ರಗಳಲ್ಲಿ 96 ಇದ್ದದ್ದು 32 ಆಗುತ್ತದೆ, ಶೇ 67 ಕಡಿತ. ಆ ಬಗೆಯ ಮೆಮೊರಿ ಕೇಳುವ ಪ್ರೋಗ್ರಾಂ ಇಲ್ಲದವರಿಗೆ ಇದು ಪೂರ್ತಿ ನಷ್ಟ.

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಈ ಲೆಕ್ಕವನ್ನು ಬಳಕೆದಾರರಿಂದ ಬಹುಪಾಲು ತೆಗೆದುಕೊಂಡಿತು. ಕಾನ್ಫಿಗ್.ಸಿಸ್ ಇಲ್ಲದಿದ್ದರೂ ಐಒ.ಸಿಸ್ ಫೈಲೇ ಫೈಲ್ಸ್ 60, ಬಫರ್ಸ್ 30, ಲಾಸ್ಟ್‌ಡ್ರೈವ್ ಝಡ್, ಸ್ಟ್ಯಾಕ್ಸ್ 9,256 ಎಂದು ಹಿಡಿಯುತ್ತಿತ್ತು. ಸ್ಟ್ಯಾಕ್ಸ್ ಅಂದರೆ ಹಾರ್ಡ್‌ವೇರ್ ಕರೆಗಳಿಗೆ ಕಾದಿಟ್ಟ ಜಾಗ: 256 ಬೈಟ್‌ಗಳ 9 ತುಂಡು, ಒಟ್ಟು 2,304. ಬಫರ್ ಬಿಟ್ಟು ಉಳಿದ ಮೂರಕ್ಕೆ ಮೇಲಿನ ದರದಲ್ಲೇ 8,132 ಬೈಟ್, 640 ಕೆಬಿಯ ಶೇ 1.2. ಆದರೆ ಇಎಂಎಂ386 ಈ ಪಟ್ಟಿಯಲ್ಲಿ ಇರಲಿಲ್ಲ. ಡಾಸ್ ಆಟಕ್ಕೆ ಹೆಚ್ಚು ಜಾಗ ಬೇಕಾದವರು ಆ ಸಾಲನ್ನು ತಾವೇ ಬರೆಯಬೇಕಾಗಿತ್ತು.

2000ದ ವಿಂಡೋಸ್ ಮಿ ಆವೃತ್ತಿ ಸಾಮಾನ್ಯ ಚಾಲನೆಯಲ್ಲಿ ಕಾನ್ಫಿಗ್.ಸಿಸ್ ಓದುವುದನ್ನೇ ಬಿಟ್ಟಿತು. ಹಳೆಯ ಲೆಕ್ಕಪತ್ರ ಪ್ರೋಗ್ರಾಂ, ಹಳೆಯ ದತ್ತಾಂಶ ಉಳಿಸಿಕೊಂಡವರು ಇಂದು ಅದೇ ಡಾಸ್ ಅನ್ನು ಗಿಗಾಬೈಟ್‌ಗಟ್ಟಲೆ ಮೆಮೊರಿಯ ಕಂಪ್ಯೂಟರಿನೊಳಗೆ ವರ್ಚುವಲ್ ಯಂತ್ರದಲ್ಲಿ ಓಡಿಸುತ್ತಾರೆ. ಅಲ್ಲೂ ಪ್ರೋಗ್ರಾಂಗೆ ಕಾಣುವುದು 640 ಕೆಬಿಯೇ. ಜಾಗ ಸಾಲದು ಎಂಬ ಸಂದೇಶ ಬಂದರೆ ಮೊದಲು ‘ಡಾಸ್=ಹೈ’ ಇದೆಯೇ ನೋಡಬೇಕು, ಆಮೇಲೆ ಬಫರ್ ಸಂಖ್ಯೆ; ‘ಫೈಲ್ಸ್’ ಸಾಲನ್ನು ಕಡಿದರೆ ಸಿಗುವುದು ಒಂದೂಕಾಲು ಕೆಬಿ ಅಷ್ಟೇ.