ತ್ರೀಡಿ ಪ್ರಿಂಟರ್ ಮೂರನೇ ವರ್ಷ ಬರಲಿ

ಶುಭಾಶಯದ ಕಾರ್ಡಿನ ಒಳಮೈಗೆ ತಾಮ್ರದ ಟೇಪು ಅಂಟಿಸಿ, 3 ವೋಲ್ಟಿನ ಬಟನ್ ಸೆಲ್ ಸಿಕ್ಕಿಸಿ, ಒಂದು ಕೆಂಪು ಎಲ್‌ಇಡಿ ಜೋಡಿಸಿದರೆ ಮಕ್ಕಳು ಬಿಡಿಸಿದ ದಾಸವಾಳ ಬೆಳಗುತ್ತದೆ. ಆರನೇ ಕ್ಲಾಸಿನವರು ಅಷ್ಟಕ್ಕೇ ಬಿಡುವವರಲ್ಲ. ಅದೇ ಎರಡು ಪಟ್ಟಿಗಳಿಗೆ ಒಂದು ನೀಲಿ ಎಲ್‌ಇಡಿಯನ್ನೂ ಅಂಟಿಸುತ್ತಾರೆ. ನೀಲಿ ಹತ್ತುವುದಿಲ್ಲ. ಕೆಂಪನ್ನು ಕಿತ್ತರೆ ಹತ್ತುತ್ತದೆ, ಮತ್ತೆ ಅಂಟಿಸಿದರೆ ಆರುತ್ತದೆ. ಸೆಲ್ಲು ಹೋಗಿದೆ ಎಂದು ಒಬ್ಬ, ದೀಪವೇ ಡೂಪ್ಲಿಕೇಟ್ ಎಂದು ಇನ್ನೊಬ್ಬಳು.

ಎರಡೂ ಅಲ್ಲ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಆಸುಪಾಸು ಬೇಕು. ನೀಲಿ ಬೆಳಕಿನ ಒಂದೊಂದು ಕಣವೂ ಕೆಂಪಿನದಕ್ಕಿಂತ ಹೆಚ್ಚು ಶಕ್ತಿ ಹೊತ್ತಿರುವುದರಿಂದ ಈ ವ್ಯತ್ಯಾಸ. ಜೊತೆಗಿಟ್ಟಾಗ ಕೆಂಪು ದೀಪ ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ. ಪುಟ್ಟ ಸೆಲ್ಲು ಅದನ್ನು ತಾಳಲಾರದೆ ವೋಲ್ಟೇಜು 2ರ ಹತ್ತಿರಕ್ಕೆ ಇಳಿದು, ನೀಲಿಗೆ ಏನೂ ಉಳಿಯುವುದಿಲ್ಲ.

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತ ಐದನ್ನೂ ಒಟ್ಟಿಗೆ ಕಲಿಸುವ ‘ಸ್ಟೀಮ್’ ಶಿಕ್ಷಣದ ಮೊದಲ ವರ್ಷಕ್ಕೆ ಇಂಥ ಸಾಮಾನು ಸಾಕು. ಆದರೆ ಬಹಳಷ್ಟು ಶಾಲೆಗಳ ಯೋಜನೆ ಶುರುವಾಗುವುದೇ ಖರೀದಿ ಪಟ್ಟಿಯಿಂದ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಬಂತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ಅದರಲ್ಲಿ ಅರ್ಧ ಐದು ವರ್ಷದ ನಿರ್ವಹಣೆಗೆ ಎಂಬುದು ಅದರ ಮೂಲ ಲೆಕ್ಕ. ಐದು ವರ್ಷ ಎಂದಿರುವುದು ವಿವೇಕದ ಮಾತು. ನಮ್ಮವರಿಗೆ ಮಾತ್ರ ಉದ್ಘಾಟನೆಯ ದಿನವೇ ರೋಬೋ ಓಡಬೇಕು! ಯಂತ್ರ ಬಂದಾಯಿತು, ಕಲಿಸುವವರು ಯಾರು, ಯಾವ ಪೀರಿಯಡ್ಡಿನಲ್ಲಿ ಎಂಬ ಪ್ರಶ್ನೆ ಆಮೇಲೆ ಏಳುತ್ತದೆ.

ಹಂತ ಹಂತವಾಗಿ ಹೋಗುವುದು ಹೇಗೆಂದು ತೋರಿಸಿದವರು ಮಧ್ಯಪ್ರದೇಶದ ಹೋಶಂಗಾಬಾದಿನವರು. 1972ರಲ್ಲಿ ಬರೀ 16 ಶಾಲೆಗಳಲ್ಲಿ ‘ಮಾಡಿ ಕಲಿ’ ವಿಜ್ಞಾನ ಆರಂಭಿಸಿದರು. ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಅದನ್ನು ಒಯ್ದದ್ದು 1978ರಲ್ಲಿ. ಬೇಸಿಗೆ ರಜೆಯಲ್ಲಿ ಮೇಷ್ಟ್ರುಗಳಿಗೆ ತರಬೇತಿ, ಆಮೇಲೆ ತಿಂಗಳ ಸಭೆಗಳು. ಪರೀಕ್ಷೆಯನ್ನೂ ಬದಲಿಸಿ ಪುಸ್ತಕ ತೆರೆದಿಟ್ಟು ಬರೆಯುವಂತೆ ಮಾಡಿದರು. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ್ ಗುಪ್ತಾ ಅವರ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ಮಾದರಿಗಳು ಹುಟ್ಟಿದ್ದು ಆ ಕೆಲಸದಲ್ಲೇ. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಅಷ್ಟರಲ್ಲಿ ಮೂವತ್ತು ವರ್ಷ ನಡೆದಿತ್ತು.

ಹಾಗಾಗಿ ಮೊದಲ ವರ್ಷ ರಟ್ಟು, ಟೇಪು, ಎಲ್‌ಇಡಿ ಇರಲಿ. ಇವುಗಳಿಗಿಂತ ಕಷ್ಟದ್ದು ಟೈಮ್‌ಟೇಬಲ್ಲಿನಲ್ಲಿ ವಾರಕ್ಕೊಮ್ಮೆ ಎರಡು ಪೀರಿಯಡ್ ಒಟ್ಟಿಗೆ ಬಿಡಿಸಿಕೊಳ್ಳುವುದು. ನಲವತ್ತು ನಿಮಿಷದಲ್ಲಿ ಟೇಪು ಅಂಟಿಸಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಡ್ರಾಯಿಂಗ್ ಮೇಷ್ಟ್ರು, ವಿಜ್ಞಾನದ ಮೇಡಂ ಇಬ್ಬರೂ ಒಂದೇ ಕೋಣೆಯಲ್ಲಿರಬೇಕು. ಇಲ್ಲದಿದ್ದರೆ ಕಲೆ ಎಂಬುದು ಮಾದರಿಗೆ ಬಣ್ಣ ಬಳಿಯುವ ಕೆಲಸವಾಗುತ್ತದೆ.

ಎರಡನೇ ವರ್ಷ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಜೊತೆಗೆ ಶ್ರವಣಾತೀತ (ಅಲ್ಟ್ರಾಸಾನಿಕ್) ಸೆನ್ಸರ್. ಶಾಲೆಯ ನೀರಿನ ಟ್ಯಾಂಕಿನ ಮಟ್ಟ ಅಳೆಯಲಿ. ಸೆನ್ಸರು ಕಳಿಸಿದ ಶಬ್ದ ಒಂದು ಮೀಟರ್ ಕೆಳಗಿನ ನೀರಿಗೆ ಬಡಿದು ವಾಪಸ್ ಬರಲು ಸುಮಾರು 6 ಮಿಲಿಸೆಕೆಂಡ್. ಬೆಳಗ್ಗೆ 20 ಡಿಗ್ರಿ ಇದ್ದದ್ದು ಮಧ್ಯಾಹ್ನ 35ಕ್ಕೆ ಏರಿದರೆ ಶಬ್ದದ ವೇಗ ಸೆಕೆಂಡಿಗೆ 9 ಮೀಟರಿನಷ್ಟು ಹೆಚ್ಚಿ, ಯಾರೂ ನೀರು ಬಿಡದಿದ್ದರೂ ಮಟ್ಟ ಎರಡೂವರೆ ಸೆಂಟಿಮೀಟರ್ ಏರಿದಂತೆ ತೋರುತ್ತದೆ. ಉಪಕರಣದ ತಪ್ಪೆಂದು ಇದನ್ನು ಬಿಟ್ಟುಬಿಡುವ ಬದಲು ಥರ್ಮಾಮೀಟರ್ ತಂದು ಲೆಕ್ಕ ಸರಿಪಡಿಸಲು ಮಕ್ಕಳಿಗೆ ಎರಡು ವಾರ ಕೊಡಬೇಕು. ಯೋಜನೆಯಲ್ಲಿ ಆ ಖಾಲಿ ವಾರಗಳನ್ನು ಮೊದಲೇ ಬರೆದಿಡಬೇಕು.

ಇಷ್ಟಾಗುವ ಹೊತ್ತಿಗೆ ಸೆನ್ಸರನ್ನು ಟ್ಯಾಂಕಿನ ಮುಚ್ಚಳಕ್ಕೆ ಭದ್ರವಾಗಿ ಕೂರಿಸಲು ಅದರ ಅಳತೆಗೆ ಸರಿಹೊಂದುವ ಗೂಡೊಂದು ಬೇಕಾಗುತ್ತದೆ. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ತ್ರೀಡಿ ಪ್ರಿಂಟರಿಗೆ ಇಂಡೆಂಟ್ ಹಾಕುವುದು ಆಗ.