ಸುಟ್ಟ ಚರ್ಮಕ್ಕೆ ಕೊಲಾಜೆನ್ ಚಪ್ಪರ



ದನದಿಂದ ನಮಗೆ ದೊರೆಯುವುದೇನು ಎಂದು ಕೇಳಿದರೆ ಹಾಲು, ಕರು, ಗೊಬ್ಬರ, ದುಡಿಮೆ ಎಂದು ಹೇಳುತ್ತೇವೆ. ಅದರ ಚರ್ಮದಲ್ಲಿಯೂ ಸ್ನಾಯುರಜ್ಜುಗಳಲ್ಲಿಯೂ (ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಬಿಳಿಯ ನಾರು) ಇರುವ ಒಂದು ವಸ್ತುವು ಬೆಂಕಿಯಿಂದ ಸುಟ್ಟ ಮನುಷ್ಯರ ಮೈಮೇಲೆ ಹೊಸ ಚರ್ಮ ಬೆಳೆಯಲು ಆಧಾರವಾಗಿ ನಿಲ್ಲುತ್ತದೆ ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ವಸ್ತುವಿನ ಹೆಸರು ಕೊಲಾಜೆನ್. ಅದು ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿ ಎಲ್ಲಿದೆ, ಮನೆಯಲ್ಲಿ ಯಾರಿಗಾದರೂ ಬೆಂಕಿ ತಗುಲಿದಾಗ ನಾವು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಾಲಿಮರ್ ಎಂದರೇನು?

ಸಣ್ಣ ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಉದ್ದನೆಯ ಅಣುವಾದರೆ ಅದಕ್ಕೆ ಪಾಲಿಮರ್ ಎನ್ನುತ್ತಾರೆ. ಹಾಲಿನ ಪ್ಯಾಕೆಟ್ಟಿನ ಪಾಲಿಥಿನ್ ಮನುಷ್ಯನು ತಯಾರಿಸಿದ ಪಾಲಿಮರ್. ಹತ್ತಿ, ರೇಷ್ಮೆ, ಉಣ್ಣೆ, ಪಿಷ್ಟ ಇವು ಪ್ರಕೃತಿಯೇ ಕೊಟ್ಟ ಪಾಲಿಮರುಗಳು. ಹಾಲಿನ ಕೇಸೀನ್ ಸಹ ಇಂಥ ಉದ್ದನೆಯ ಅಣುವೇ. ಹೆಪ್ಪು ಹಾಕಿದಾಗ ಕೇಸೀನ್ ಕಣಗಳು ಒಂದಕ್ಕೊಂದು ಅಂಟಿ ಬಲೆಯಂತಾಗಿ ನೀರನ್ನು ಹಿಡಿದಿಡುತ್ತವೆ. ಹರಿಯುತ್ತಿದ್ದ ಹಾಲು ಗಟ್ಟಿ ಮೊಸರಾಗುವುದು ಹೀಗೆ. ಈ ಬಲೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ.

ಕೊಲಾಜೆನ್ ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಇದೆ. ಚರ್ಮದ ಗಟ್ಟಿತನ, ಮೂಳೆಯ ಒಳಹಂದರ, ಸ್ನಾಯುರಜ್ಜುವಿನ ಬಲ ಎಲ್ಲವೂ ಅದರಿಂದಲೇ. ಕಾಲುಸೂಪು ತಣ್ಣಗಾದಾಗ ಪಾತ್ರೆಯಲ್ಲಿ ಅಲುಗಾಡುವ ಗಟ್ಟಿಯಾಗಿ ನಿಲ್ಲುತ್ತದಲ್ಲವೇ? ಅದು ಕುದಿಸಿದ ಕೊಲಾಜೆನ್, ಅಂದರೆ ಜೆಲಟಿನ್. ಕುದಿಸದ ಕೊಲಾಜೆನ್ ಮೂರು ಎಳೆಗಳನ್ನು ಹುರಿ ಮಾಡಿದ ಹಗ್ಗದಂತಿರುತ್ತದೆ. ಈ ಮೂರೆಳೆಯ ರಚನೆಯನ್ನು 1954-55ರಲ್ಲಿ ಜಗತ್ತಿನ ಮುಂದಿಟ್ಟವರು ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಬಂದು ಅಣುಗಳ ಜೀವಭೌತ ವಿಜ್ಞಾನಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು.

ಬರೆ ಹಾಕಿದ ಜಾಗದಲ್ಲಿ ಕೂದಲೇಕೆ ಬರುವುದಿಲ್ಲ?

ದನಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕಿದ ಜಾಗವನ್ನು ಎಲ್ಲರೂ ನೋಡಿದ್ದೀರಿ. ಹತ್ತು ವರ್ಷ ಕಳೆದರೂ ಅಲ್ಲಿ ಕೂದಲು ಹುಟ್ಟುವುದಿಲ್ಲ. ಚರ್ಮ ನುಣ್ಣಗೆ, ಬಿಗಿಯಾಗಿ, ಸುಕ್ಕುಗಟ್ಟಿದಂತೆ ಇರುತ್ತದೆ. ಇದಕ್ಕೆ ಕಾರಣವಿದೆ.

ಚರ್ಮದಲ್ಲಿ ಎರಡು ಪದರಗಳಿವೆ. ಮೇಲಿನದು ತೆಳುವಾದ ಹೊರಚರ್ಮ. ಅದು ದಿನವೂ ಸವೆದು ದಿನವೂ ಹುಟ್ಟುತ್ತದೆ. ಅದರ ಕೆಳಗಿನದು ದಪ್ಪನೆಯ ಒಳಚರ್ಮ. ಇದರಲ್ಲಿ ತುಂಬಿರುವುದು ಕೊಲಾಜೆನ್ ಬಲೆ. ರಕ್ತನಾಳ, ಕೂದಲಿನ ಬೇರು, ಬೆವರಿನ ಗ್ರಂಥಿ ಎಲ್ಲವೂ ಇಲ್ಲಿಯೇ. ಹೊರಚರ್ಮ ಮಾತ್ರ ಸುಟ್ಟರೆ ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಒಳಚರ್ಮ ಪೂರ್ತಿ ಸುಟ್ಟುಹೋದರೆ ದೇಹವು ಅದನ್ನು ಮೊದಲಿದ್ದಂತೆ ಮತ್ತೆ ಕಟ್ಟಲಾರದು. ಗಾಯದ ಅಂಚುಗಳನ್ನು ಎಳೆದು ಹತ್ತಿರ ತಂದು, ನಡುವೆ ಉಳಿದದ್ದನ್ನು ಒರಟು ನಾರಿನಿಂದ ತುಂಬುತ್ತದೆ. ಇದೇ ಕಲೆ.

ದನದ ಬೆನ್ನಿನ ಮೇಲೆ ಇದು ಬರೀ ಕಲೆ. ಮನುಷ್ಯನ ಕುತ್ತಿಗೆಯಲ್ಲಾದರೆ ಗದ್ದವು ಎದೆಗೆ ಅಂಟಿಕೊಳ್ಳುತ್ತದೆ. ಕೈಯಲ್ಲಾದರೆ ಬೆರಳುಗಳು ಮಡಚಿ ಮತ್ತೆ ಬಿಚ್ಚುವುದಿಲ್ಲ. ಹಾಲು ಕರೆಯುವ ಕೈ ಹಾಲು ಕರೆಯಲಾಗದಂತಾಗುತ್ತದೆ. ಆದ್ದರಿಂದ ಗಾಯ ಮುಚ್ಚಿದರೆ ಸಾಲದು, ಅದು ಹೇಗೆ ಮುಚ್ಚುತ್ತದೆ ಎಂಬುದೂ ಮುಖ್ಯ.

ಬೋಸ್ಟನ್ ನಗರದಲ್ಲಿ ನಡೆದ ಕೆಲಸ

ಆಳವಾದ ಸುಟ್ಟ ಗಾಯಕ್ಕೆ ರೋಗಿಯದೇ ತೊಡೆಯಿಂದ ತೆಳುವಾದ ಚರ್ಮವನ್ನು ತೆಗೆದು ಕಸಿ ಮಾಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಆದರೆ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟಾಗ ಕಸಿ ಮಾಡಲು ಚರ್ಮವೇ ಉಳಿದಿರುವುದಿಲ್ಲ. ಬೇರೆಯವರ ಚರ್ಮವನ್ನು ಹೊದಿಸಿದರೆ ಅದು ಕೆಲವು ವಾರ ರಕ್ಷಣೆ ಕೊಡುತ್ತದೆ. ನಂತರ ದೇಹವು ಅದನ್ನು ತಿರಸ್ಕರಿಸುತ್ತದೆ.

ಅಮೆರಿಕದ ಬೋಸ್ಟನ್ನಿನಲ್ಲಿ ಶಸ್ತ್ರವೈದ್ಯ ಜಾನ್ ಬರ್ಕ್ ಅವರಿಗೆ ಎದುರಾದ ಸಮಸ್ಯೆ ಇದೇ. ಅವರು ಪಕ್ಕದ ಎಂ.ಐ.ಟಿ. ಸಂಸ್ಥೆಯ ಪಾಲಿಮರ್ ವಿಜ್ಞಾನಿ, ಗ್ರೀಸ್ ಮೂಲದ ಅಯೋನಿಸ್ ಯಾನಸ್ ಅವರೊಡನೆ ಕೈಜೋಡಿಸಿದರು. ಇಬ್ಬರೂ ಸೇರಿ ಎರಡು ಪದರಗಳ ಒಂದು ಹಾಳೆಯನ್ನು ರೂಪಿಸಿದರು. ಕೆಳಗಿನ ಪದರ ದನದ ಕೊಲಾಜೆನ್. ಅದರೊಡನೆ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಇನ್ನೊಂದು ನೈಸರ್ಗಿಕ ಪಾಲಿಮರ್. ಮೇಲಿನ ಪದರ ತೆಳುವಾದ ಸಿಲಿಕೋನ್ ಹೊದಿಕೆ. ಮೈಯ ಶೇಕಡಾ 50ರಿಂದ 95ರಷ್ಟು ಸುಟ್ಟಿದ್ದ 10 ರೋಗಿಗಳಲ್ಲಿ ಇದನ್ನು ಬಳಸಿದ ವರದಿ 1981ರಲ್ಲಿ ಪ್ರಕಟವಾಯಿತು. 1996ರಲ್ಲಿ ಅಮೆರಿಕದ ಸರ್ಕಾರ ಇದರ ಮಾರಾಟಕ್ಕೆ ಒಪ್ಪಿಗೆ ನೀಡಿತು.

ಹಾಳೆ ತಯಾರಾಗುವ ಬಗೆ

ನಮ್ಮ ಡೇರಿಗಳಲ್ಲಿ ಹಾಲಿನ ಪುಡಿ ಮಾಡುವಾಗ ಬಿಸಿ ಗಾಳಿಯಿಂದ ನೀರನ್ನು ತೆಗೆಯುತ್ತಾರೆ. ಇಲ್ಲಿ ಕ್ರಮ ಬೇರೆ. ಕೊಲಾಜೆನ್ ಗಂಜಿಯನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡುತ್ತಾರೆ. ಒಳಗೆಲ್ಲಾ ಮಂಜುಗಡ್ಡೆಯ ಹರಳುಗಳು ಮೂಡುತ್ತವೆ. ಆಮೇಲೆ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಆ ಹರಳುಗಳು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತವೆ. ಹರಳು ಇದ್ದಲ್ಲೆಲ್ಲಾ ರಂಧ್ರ ಉಳಿಯುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನ ರಂಧ್ರ. ಜೀವಕೋಶಗಳು ಒಳಗೆ ಹತ್ತಿ ನಡೆದಾಡಲು ಈ ರಂಧ್ರಗಳೇ ದಾರಿ.

ಬರೀ ಕೊಲಾಜೆನ್ ಗಾಯದಲ್ಲಿ ಬೇಗ ಕರಗಿಹೋಗುತ್ತದೆ. ಆದ್ದರಿಂದ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತಾರೆ. ಇದು ಚರ್ಮ ಹದ ಮಾಡುವ ಕೆಲಸದ ದೂರದ ನೆಂಟ ಎನ್ನಬಹುದು. ಆದರೆ ಚಪ್ಪಲಿಯ ಚರ್ಮದಂತೆ ಪೂರ್ತಿ ಹದ ಮಾಡಿದರೆ ದೇಹ ಅದನ್ನು ಅರಗಿಸಿಕೊಳ್ಳಲಾರದು. ಬೇಗ ಕರಗಬಾರದು, ಕರಗದೆಯೂ ಉಳಿಯಬಾರದು. ಕಸುಬಿನ ಗುಟ್ಟೆಲ್ಲ ಈ ಹದದಲ್ಲಿದೆ.

ತೇಪೆಯಲ್ಲ, ಚಪ್ಪರ

ವೈದ್ಯರು ಸುಟ್ಟ ಚರ್ಮವನ್ನು ಕತ್ತರಿಸಿ ತೆಗೆದು, ಶುದ್ಧವಾದ ಗಾಯದ ಮೇಲೆ ಹಾಳೆಯನ್ನು ಹೊಂದಿಸುತ್ತಾರೆ. ಸಿಲಿಕೋನ್ ಹೊದಿಕೆ ನೀರು ಸೋರದಂತೆ ಕಾಯುತ್ತದೆ. ಕೆಳಗಿನಿಂದ ರೋಗಿಯ ಜೀವಕೋಶಗಳೂ ರಕ್ತನಾಳಗಳೂ ಕೊಲಾಜೆನ್ ರಂಧ್ರಗಳೊಳಗೆ ಬೆಳೆದು ಬರುತ್ತವೆ. ಹೀರೆಯ ಬಳ್ಳಿ ಚಪ್ಪರವನ್ನು ಹಿಡಿದು ಹಬ್ಬುವಂತೆಯೇ ಇದು. ಹಬ್ಬಿದ ಜೀವಕೋಶಗಳು ತಮ್ಮದೇ ಕೊಲಾಜೆನ್ ನೇಯುತ್ತವೆ. ದನದ ಕೊಲಾಜೆನ್ ಮೆಲ್ಲನೆ ಕರಗಿಹೋಗುತ್ತದೆ. ಎರಡು ಮೂರು ವಾರಗಳ ನಂತರ ಸಿಲಿಕೋನ್ ತೆಗೆದು, ರೋಗಿಯದೇ ಬಹಳ ತೆಳುವಾದ ಹೊರಚರ್ಮವನ್ನು ಕಸಿ ಮಾಡುತ್ತಾರೆ. ತೆಳುವಾಗಿ ತೆಗೆದದ್ದರಿಂದ ತೊಡೆಯ ಗಾಯ ಬೇಗ ಮಾಯುತ್ತದೆ. ಅಲ್ಲಿಂದಲೇ ಮತ್ತೆ ಚರ್ಮ ತೆಗೆಯಬಹುದು.

ದನದ ಕೊಲಾಜೆನ್ ಮನುಷ್ಯನ ಕೊಲಾಜೆನ್ನಿಗೆ ಬಹಳ ಹತ್ತಿರ. ಜೀವಕೋಶಗಳನ್ನು ತೊಳೆದು ತೆಗೆದಿರುವುದರಿಂದ ದೇಹ ಅದನ್ನು ಸಾಮಾನ್ಯವಾಗಿ ಪರಕೀಯವೆಂದು ಹೊರದೂಡುವುದಿಲ್ಲ.

ಮಿತಿಗಳನ್ನೂ ತಿಳಿದಿರಬೇಕು

ಹೀಗೆ ಬೆಳೆದ ಚರ್ಮ ಮೆತ್ತಗೆ ಇರುತ್ತದೆ, ಕೀಲುಗಳು ಮಡಚಲು ಬಿಚ್ಚಲು ಅನುಕೂಲವಾಗುತ್ತದೆ. ಆದರೆ ಅದರಲ್ಲಿ ಕೂದಲು ಹುಟ್ಟುವುದಿಲ್ಲ, ಬೆವರು ಬರುವುದಿಲ್ಲ. ಹಾಳೆಯ ಕೆಳಗೆ ಕೀವಾದರೆ ಶ್ರಮವೆಲ್ಲ ವ್ಯರ್ಥ. ಬೆಲೆಯೂ ಹೆಚ್ಚು. ಕೆಲವರಿಗೆ ಒಗ್ಗದಿರುವುದೂ ಉಂಟು. ದನದ ಮೂಲದ ವಸ್ತು ಬೇಡ ಎನ್ನುವವರು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೇಳುವ ಹಕ್ಕು ರೋಗಿಗಿದೆ. ಮೀನಿನ ಚರ್ಮ, ರೇಷ್ಮೆಯ ಪ್ರೋಟೀನು, ಸೀಗಡಿ ಚಿಪ್ಪಿನ ಕೈಟೋಸಾನ್, ಕಡಲ ಪಾಚಿಯ ಆಲ್ಜಿನೇಟ್ ಇವುಗಳಿಂದಲೂ ಗಾಯದ ಹೊದಿಕೆಗಳು ತಯಾರಾಗುತ್ತಿವೆ. ಆದರೆ ಎಲ್ಲವೂ ಚಪ್ಪರವಲ್ಲ. ಕೆಲವು ರಕ್ತ ನಿಲ್ಲಿಸುತ್ತವೆ, ಕೆಲವು ಸೋರಿಕೆಯನ್ನು ಹೀರುತ್ತವೆ.

ನಮ್ಮ ದೇಶದಲ್ಲಿ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಕೊಲಾಜೆನ್ ಹೊದಿಕೆಗಳ ಬಗ್ಗೆ ಬಹುಕಾಲದಿಂದ ಕೆಲಸ ಮಾಡಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹಂದಿಯ ಪಿತ್ತಕೋಶದಿಂದ ರೂಪಿಸಿದ ಗಾಯದ ಹೊದಿಕೆಗೆ 2023ರಲ್ಲಿ ಒಪ್ಪಿಗೆ ದೊರೆತ ಸುದ್ದಿ ಬಂದಿದೆ.

ದನದ ಆರೋಗ್ಯಕ್ಕೂ ಇದಕ್ಕೂ ಸಂಬಂಧವಿದೆ

1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ದನದ ಕಾಯಿಲೆ ಗುರುತಾಯಿತು. ದನದ ಮಾಂಸ ಮತ್ತು ಮೂಳೆಯ ಪುಡಿಯನ್ನು ದನಕ್ಕೇ ಮೇವಾಗಿ ಕೊಟ್ಟದ್ದು ಅದು ಹರಡಲು ಕಾರಣ. 1996ರಲ್ಲಿ ಮನುಷ್ಯರಿಗೂ ಅದರ ಸಂಬಂಧವಿದೆಯೆಂದು ಅಲ್ಲಿನ ಸರ್ಕಾರ ಒಪ್ಪಿತು. ಅಂದಿನಿಂದ ಔಷಧಕ್ಕಾಗಿ ಬಳಸುವ ಕೊಲಾಜೆನ್ ಯಾವ ದೇಶದ, ಯಾವ ಹಿಂಡಿನದು ಎಂಬುದಕ್ಕೆ ದಾಖಲೆ ಬೇಕಾಗಿದೆ. ವಿಶ್ವ ಪಶು ಆರೋಗ್ಯ ಸಂಸ್ಥೆ 2010ರಲ್ಲಿ ಭಾರತವನ್ನು ಈ ಕಾಯಿಲೆಯ ಅಪಾಯ ನಗಣ್ಯವಾಗಿರುವ ದೇಶವೆಂದು ಗುರುತಿಸಿತು. ಈ ಹೆಸರು ಉಳಿಯಬೇಕಾದರೆ ಮಾಂಸ, ಮೂಳೆ ಪುಡಿಯ ಮೇವು ಕೊಟ್ಟಿಗೆಗೆ ಬರಬಾರದು. ಕಿವಿ ಓಲೆಯ ಸಂಖ್ಯೆ, ಲಸಿಕೆ, ಚಿಕಿತ್ಸೆಯ ದಾಖಲೆ ಸರಿಯಾಗಿರಬೇಕು.

ಬೆಂಕಿ ತಗುಲಿದಾಗ ಮಾಡಬೇಕಾದದ್ದು

ಯಾವ ಹಾಳೆಯೂ ಮೊದಲ ಅರ್ಧ ಗಂಟೆಯ ಆರೈಕೆಗೆ ಬದಲಾಗಲಾರದು. ಕುದಿಯುವ ಹಾಲು ಮಗುವಿನ ಮೈಮೇಲೆ ಚೆಲ್ಲಿರಲಿ, ಸೀರೆಗೆ ಒಲೆಯ ಬೆಂಕಿ ಹತ್ತಿರಲಿ, ಕೆಳಗಿನಂತೆ ಮಾಡಬೇಕು.

1. ಬೆಂಕಿಯನ್ನು ಆರಿಸಿ, ಸುಟ್ಟ ಭಾಗದ ಮೇಲೆ 20 ನಿಮಿಷ ಶುದ್ಧವಾದ ತಣ್ಣೀರು ಹರಿಯಬಿಡಿ. ಮಂಜುಗಡ್ಡೆ ಬೇಡ. ದೊಡ್ಡ ಗಾಯವಾಗಿದ್ದರೆ, ಮಗುವಾಗಿದ್ದರೆ ಉಳಿದ ಮೈಗೆ ಚಳಿಯಾಗದಂತೆ ಕಂಬಳಿ ಹೊದಿಸಿ.

2. ಬಳೆ, ಉಂಗುರ, ಕಾಲ್ಗೆಜ್ಜೆಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಮೈಗೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ.

3. ತುಪ್ಪ, ಶಾಯಿ, ಟೂತ್‌ಪೇಸ್ಟ್, ಅರಿಸಿನ, ಸಗಣಿ ಹಚ್ಚಬಾರದು. ಬೊಬ್ಬೆಗಳನ್ನು ಒಡೆಯಬಾರದು.

4. ಒಗೆದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಮುಖ, ಕೈ, ಕೀಲುಗಳ ಗಾಯ ಸಣ್ಣದೆಂದು ಉದಾಸೀನ ಬೇಡ.

5. ಗಾಯ ಮಾಯುವ ಕಾಲದಲ್ಲಿ ವೈದ್ಯರ ಸಲಹೆಯಂತೆ ಹಾಲು, ಮೊಟ್ಟೆ, ಬೇಳೆಕಾಳು ಧಾರಾಳವಾಗಿ ಕೊಡಿ. ಜೀವಕೋಶಗಳು ಕೊಲಾಜೆನ್ ನೇಯಲು ಪ್ರೋಟೀನು ಬೇಕು, ಸಿ ಜೀವಸತ್ವವೂ ಬೇಕು. ನೆಲ್ಲಿ, ಸೀಬೆ, ನಿಂಬೆಗಳಲ್ಲಿ ಅದಿದೆ.

6. ಬಣವೆಗೋ ಕೊಟ್ಟಿಗೆಗೋ ಬೆಂಕಿ ಬಿದ್ದು ದನ ಸುಟ್ಟಿದ್ದರೂ ಮೊದಲ ಕೆಲಸ ತಣ್ಣೀರೇ. ನಂತರ ಪಶುವೈದ್ಯರನ್ನು ಕರೆಸಿ.

ಕಾಯಿಲೆಗೆಂದು ದನಕ್ಕೆ ಬರೆ ಹಾಕುವುದನ್ನು ಇನ್ನಾದರೂ ಬಿಡೋಣ. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮರಳಿ ಕಟ್ಟಲಾಗದ ಒಳಚರ್ಮವನ್ನು ನಮ್ಮ ಕೈಯಾರೆ ಸುಟ್ಟಂತಾಗುತ್ತದೆ, ಅಷ್ಟೆ.

ಸಂಘಗಳ ಕಾರ್ಯದರ್ಶಿಗಳು ಮೇಲಿನ ಆರು ಅಂಶಗಳನ್ನು ಹಾಲು ಹಾಕಲು ಬರುವ ಎಲ್ಲ ಸದಸ್ಯರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಓದಿ ಹೇಳಬೇಕೆಂದು ಕೋರಿಕೆ.