ಬೀಡಿ ಕಟ್ಟುವ ಮನೆಗೆ ಬೋರ್ಡಿಲ್ಲ

ಚನ್ನಗಿರಿಯ ಸರ್ಕಾರಿ ಕಚೇರಿಯಾಗಲಿ, ಹೊನ್ನಾಳಿಯ ಬಸ್ ನಿಲ್ದಾಣವಾಗಲಿ, ನ್ಯಾಮತಿಯ ಆಸ್ಪತ್ರೆಯಾಗಲಿ, ಜಗಳೂರಿನ ಶಾಲೆಯಾಗಲಿ, ಬಾಗಿಲಲ್ಲೇ ಒಂದು ಬೋರ್ಡು ಇರಬೇಕು: ಇಲ್ಲಿ ಧೂಮಪಾನ ಅಪರಾಧ. ಬೋರ್ಡಿನ ಅಳತೆಯನ್ನೂ ಸರ್ಕಾರ ಗೊತ್ತುಮಾಡಿದೆ, 60 ಸೆಂಟಿಮೀಟರಿಗೆ 30 ಸೆಂಟಿಮೀಟರು. 2008ರ ಗಾಂಧಿ ಜಯಂತಿಯಂದು ಜಾರಿಗೆ ಬಂದ ಈ ನಿಯಮದ ಪ್ರಕಾರ ಅಂಥ ಜಾಗದಲ್ಲಿ ಬೂದಿಬಟ್ಟಲು, ಬೆಂಕಿಪೊಟ್ಟಣ ಕೂಡ ಒದಗಿಸುವಂತಿಲ್ಲ. 200 ರೂಪಾಯಿವರೆಗೆ ಇದ್ದ ದಂಡವನ್ನು 2025ರಲ್ಲಿ ಜಾರಿಯಾದ ರಾಜ್ಯದ ತಿದ್ದುಪಡಿ 1000ಕ್ಕೆ ಏರಿಸಿತು.

ಸರಿ, ಸಿಗರೇಟು ತಯಾರಿಸುವವರ ಕಚೇರಿಯಲ್ಲಿ ಏನು ಕತೆ? ನಮ್ಮಲ್ಲಿ ಅವರಿಗೆ ವಿನಾಯಿತಿಯಿಲ್ಲ. ಕೆಲಸದ ಸ್ಥಳವೆಂದರೆ ಎಲ್ಲರಿಗೂ ಒಂದೇ. ಅಮೆರಿಕದಲ್ಲಿ ಮಾತ್ರ ತಮಾಷೆ ಬಹಳ ಕಾಲ ನಡೆಯಿತು. 'ಕ್ಯಾಮೆಲ್' ಸಿಗರೇಟಿನ ರೆನಾಲ್ಡ್ಸ್ ಕಂಪನಿಯ ನೌಕರರು 2014ರ ಕೊನೆಯವರೆಗೂ ತಮ್ಮ ಮೇಜಿನ ಮುಂದೆ ಕೂತೇ ಸೇದಬಹುದಿತ್ತು. 2015ರಿಂದ ಕಂಪನಿಯೇ ಅದನ್ನು ನಿಲ್ಲಿಸಿ, ಸೇದುವವರಿಗೆ ಬೇರೆ ಕೋಣೆ ತೋರಿಸಿತು. ಕಾರ್ಖಾನೆಯ ಒಳಗೆ, ಊಟದ ಮನೆಯಲ್ಲಿ ಅದಕ್ಕೂ ಮೊದಲೇ ನಿಷೇಧವಿತ್ತು. ಮಾರುವವನಿಗೇ ತನ್ನ ಸರಕಿನ ಹೊಗೆ ಬೇಡವಾಯಿತು ಎಂದು ಜನ ನಕ್ಕರು.

ನಗು ಮುಗಿಸಿ ದಾವಣಗೆರೆಯ ಕಡೆಗೆ ಬನ್ನಿ. ಇಲ್ಲಿನ ತಂಬಾಕಿನ ದುಡಿಮೆಗೆ ಮೇಜೂ ಇಲ್ಲ, ಕುರ್ಚಿಯೂ ಇಲ್ಲ. ಮನೆಯ ನಡುಮನೆಯಲ್ಲಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಹೆಂಗಸರು ಬೀಡಿ ಕಟ್ಟುತ್ತಾರೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಪುಡಿ ಹಾಕಿ, ಸುರುಳಿ ಸುತ್ತಿ, ದಾರ ಬಿಗಿಯಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಕಟ್ಟುವವರಲ್ಲಿ ಹೆಚ್ಚಿನವರು ಜನ್ಮದಲ್ಲಿ ಒಂದು ಬೀಡಿ ಸೇದಿದವರಲ್ಲ. ಆದರೂ ಪುಡಿಯ ಧೂಳು ಮೂಗಿಗೆ ಹೋಗುತ್ತದೆ, ನಿಕೋಟಿನ್ ಅಂಗೈಯ ಚರ್ಮದಿಂದಲೇ ಒಳಗಿಳಿಯುತ್ತದೆ. ಪಕ್ಕದಲ್ಲೇ ಮಗು ಮಲಗಿರುತ್ತದೆ, ಅದೇ ಕೋಣೆಯಲ್ಲಿ ಅನ್ನ ಬೇಯುತ್ತಿರುತ್ತದೆ. ಗಂಡಸರು ಅಲ್ಲೇ ಕೂತು ಬೀಡಿ ಹಚ್ಚಿದರೆ ಕೇಳುವವರು ಯಾರು?

ಕಾನೂನು ಇಲ್ಲವೆಂದಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕೆಲಸದ ಜಾಗ ಚೊಕ್ಕಟವಾಗಿರಬೇಕು, ಗಾಳಿಯಾಡಬೇಕು ಎಂದಿತ್ತು. ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಒಪ್ಪಿತ್ತು. ಆದರೆ 'ಕೈಗಾರಿಕಾ ಆವರಣ' ಎಂದರೇನೆಂದು ಹೇಳುವಾಗ ವಾಸದ ಖಾಸಗಿ ಮನೆಯನ್ನು ಹೊರಗಿಟ್ಟಿತು. ಅಂದರೆ ಆಕೆ ಕಾರ್ಮಿಕಳು ಹೌದು, ಆಕೆ ಕೂತ ಜಾಗ ಮಾತ್ರ ಕಾರ್ಖಾನೆಯಲ್ಲ! 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅದರ ವ್ಯಾಖ್ಯೆಯಲ್ಲೂ ಮನೆ ಹೊರಗೇ ಉಳಿದಿದೆ.

ಮನೆ ಮನೆಗೆ ಇನ್‌ಸ್ಪೆಕ್ಟರು ನುಗ್ಗಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಪುಡಿ ತುಂಬಿಡಲು ಮುಚ್ಚಳದ ಡಬ್ಬಿ, ಮೂಗಿಗೆ ಬಟ್ಟೆ, ಓಣಿಗೊಂದು ಗಾಳಿಯಾಡುವ ಕೋಣೆ, ಇವನ್ನು ಎಲೆ ಮತ್ತು ಪುಡಿ ತೂಗಿ ಕೊಡುವ ಕಂಪನಿಯೇ ಕೊಡಬಹುದಲ್ಲ? ಸದ್ಯಕ್ಕೆ ಅದು ತೂಗಿ ಕೊಡುವುದು ಎಲೆ ಮತ್ತು ಪುಡಿಯನ್ನು. ಎಣಿಸಿ ಒಯ್ಯುವುದು ಬೀಡಿಯನ್ನು.